ಜವರಪ್ಪನ ಕುತ್ತಿಗೆ ಪಟ್ಟು

ಏ, ನನ್ನ ಕುತ್ತಿಗೆ ಸಡಿಲ ಬಿಡು ಕೂಸೇ, ಉಸಿರಾಡಿದರೆ ತಾನೇ ಕತೆ ಹೇಳೋದು! ಹಾಂ, ಕೇಳು. ಒಂದಾನೊಂದು ಕಾಲದಲ್ಲಿ ಜವರಪ್ಪ ಅಂತ ಒಬ್ಬ ಪೈಲ್ವಾನ ಇದ್ದನಂತೆ. ಅವನು ಕುತ್ತಿಗೆಗೆ ತೋಳು ಹಾಕಿದ ಅಂದರೆ ಮುಗೀತು, ಎಂಥಾ ಜಟ್ಟಿಯೂ ಕಣ್ಣು ಕಣ್ಣು ಬಿಡಬೇಕಂತೆ. ಮನೇಲೂ ಹಂಗೇ. ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಸಾರಿಗೆ ಉಪ್ಪು ಹಾಕಬೇಕಾದರೂ ಅವನ ಅಪ್ಪಣೆ ಆಗಬೇಕು. ಹೊಸಲು ದಾಟೋ ಮಾತಂತೂ ಎತ್ತಂಗೇ ಇಲ್ಲ.

ಹಿಂಗಿರುವಾಗ ಕಿರೀ ಸೊಸೆ ನಿಂಗಾಜಿಗೆ ತವರಿಂದ ಸುದ್ದಿ ಬಂತಂತೆ, ತಂಗಿ ಮದುವೆ, ಬಾ ಅಂತ. ಒಬ್ಬಳೇ ತಂಗಿ, ಇವಳೇ ಎತ್ತಾಡಿಸಿ ಬೆಳೆಸಿದವಳು, ಹೋಗದೆ ಇದ್ದರೆ ಜೀವ ತಡೆಯುತ್ತಾ? ಮೊದಲು ಗಂಡ ಹೋಗಿ ಅಪ್ಪನ್ನ ಕೇಳಿದ, ಬೇಡ ಅಂದನಂತೆ. ಆಮೇಲೆ ಅತ್ತೆ ಕೇಳಿದಳು, ನೀನು ಸುಮ್ಕಿರು ಅಂದನಂತೆ. ಆಮೇಲೆ ಇವಳೇ ಮುದ್ದೆ ಬಡಿಸ್ತಾ, ಮಾವಯ್ಯ, ಹಿಂಗೆ ಹೋಗಿ ಹಂಗೆ ಬಂದುಬಿಡ್ತೀನಿ ಅಂದರೆ, ಬೇಡ ಅಂದ ಮೇಲೆ ಬೇಡ ಅಂತ ಗದರಿದನಂತೆ. ಪಾಪ, ಹಿತ್ತಿಲಿಗೆ ಹೋಗಿ ಗಳಗಳ ಅತ್ತಳು.

ಮಾರನೇ ದಿನ ಮಾವನಿಗೆ ಹಾಲು ಕೊಡೋಕೆ ಗರಡಿಮನೆಗೆ ಹೋದಳಂತೆ. ಬಾಗಿಲಲ್ಲಿ ನಿಂತು ನೋಡ್ತಾಳೆ, ಮಾವ ಇನ್ನೊಬ್ಬ ಪೈಲ್ವಾನನ ಕುತ್ತಿಗೆ ಅಮುಕಿ ಹಿಡಿದಿದ್ದಾನೆ, ಅವನಿಗೆ ಉಸಿರೇ ಆಡ್ತಿಲ್ಲ. ಅವನು ಕೈಯಲ್ಲಿ ನೆಲ ಪಟಪಟ ತಟ್ಟಿದ್ದೇ ತಡ, ಮಾವ ಬಿಟ್ಟೇಬಿಟ್ಟ! ಬೆನ್ನು ಬೇರೆ ಸವರಿದ. ಇದೇನು ಮಾವಯ್ಯ ಅಂದಳಂತೆ. ನೆಲ ತಟ್ಟಿದ ಮೇಲೆ ಬಿಡಲೇಬೇಕು ಕಣವ್ವ, ಬಿಡದವನು ಪೈಲ್ವಾನನೇ ಅಲ್ಲ ಅಂತ ಎದೆ ಉಬ್ಬಿಸಿಕೊಂಡು ಹೇಳಿದನಂತೆ.

ಆಮೇಲೆ ಸಂಜೆ ಎಲ್ಲರೂ ಉಣ್ಣೋಕೆ ಕೂತಿದ್ದಾಗ, ಮಾವಯ್ಯ, ನಾಡಿದ್ದೇ ಮದುವೆ ಅಂದಳಂತೆ. ಆಗಲ್ಲ ಅಂದ. ಇವಳು ಅಲ್ಲೇ ಕೂತು ನೆಲ ತಟ್ಟಿದಳು. ಆಮೇಲೆ ಅವಳ ಗಂಡ ತಟ್ಟಿದ. ಆಮೇಲೆ ಉಳಿದ ಮಕ್ಕಳು, ಸೊಸೆಯರು, ಮನೆಯೆಲ್ಲಾ ಪಟಪಟ, ಪಟಪಟ! ಜವರಪ್ಪನ ತುತ್ತು ಕೈಯಲ್ಲೇ ಉಳೀತಂತೆ. ತಿರುಗಿ ನೋಡಿದರೆ ಹೆಂಡತಿಯೂ ತಟ್ತಾ ಇದ್ದಾಳೆ. ನೀನೂ ಏನೇ, ಯಾವಾಗಿಂದ ಅಂದ. ಹಸೆಮಣೆ ಇಳಿದಾಗಿಂದ, ನಿಮಗೆ ಕೇಳಿಸಿದ್ದು ಈವತ್ತು ಅಂದಳಂತೆ.

ಪೈಲ್ವಾನನಲ್ಲವಾ, ಬಿಡಲೇಬೇಕಲ್ಲ! ತಲೆ ತಗ್ಗಿಸಿದ, ಬೆಳಗ್ಗೆ ಎದ್ದು ಗಾಡಿ ಕಟ್ಟಿಸಿದ, ಹೋಗಿ ಬಾರವ್ವ ಅಂದನಂತೆ. ನಿಂಗಾಜಿ ಕುಣಕೊಂಡು ಗಾಡಿ ಹತ್ತಿದರೆ, ಹಿಂದೇ ಅತ್ತೆಯೂ ಹತ್ತಿ ಕೂತಳಂತೆ. ನೀನೆಲ್ಲಿಗೆ ಅನ್ನೋ ಮಾತು ಬಾಯಿವರೆಗೂ ಬಂತು, ನುಂಗಿಕೊಂಡ. ಆಮೇಲೆ ಮೆಲ್ಲಗೆ, ನಾನೂ ಬರಲಾ ಅಂದನಂತೆ. ಹುಟ್ಟಿದಾಗಿಂದ ಅವನು ಇನ್ನೊಬ್ಬರ ಅಪ್ಪಣೆ ಕೇಳಿದ್ದು ಅದೇ ಮೊದಲು! ಹೆಂಡತಿ ನಕ್ಕು, ಬನ್ನಿ ಅಂತ ಸರಿದು ಜಾಗ ಬಿಟ್ಟಳಂತೆ.

ಅವರು ಮದುವೆ ಊಟ ಉಂಡು ಸುಖವಾಗಿದ್ದರು, ಇಲ್ಲಿಗೆ ಕತೆ ಮುಗೀತು, ಹೊದಿಕೆ ಎಳಕೊಂಡು ಮಲಕ್ಕೋ.