ಭಟ್ಟಿಯವನ ಹೆಸರು

"ಗುರುಗಳೇ, ಅಡ್ಡಹೆಸರು ತೆಗೆಸಬಹುದೇ?" ಎಂದು ಶಿಷ್ಯ ಕೇಳಿದ.

ಅವನ ಅಡ್ಡಹೆಸರು ಹೂಗಾರ. ಹೆಂಡತಿ ತೀರಿಕೊಂಡು ತಿಂಗಳಾಗಿತ್ತು.

"ಯಾಕೆ?" ಎಂದರು ಗುರುಗಳು.

"ಮಾಲೆ ಕಟ್ಟುತ್ತಿದ್ದವಳು ಅವಳು. ನಾನು ಬಾಳೆನಾರು ಸೀಳಿ ಕೊಡುತ್ತಿದ್ದೆ. ಪಕ್ಕದಲ್ಲಿ ಕೂತಿರುತ್ತಿದ್ದೆ. ಅಷ್ಟೇ. ಈಗ ನಾನು ಎಂಥ ಹೂಗಾರ? ಜನಕ್ಕೆ ಇದು ತಿಳಿಯುವುದಿಲ್ಲ. ದಿನಾ ಬೆಳಗ್ಗೆ ಯಾರೋ ಬಾಗಿಲಲ್ಲಿ ಮಾಲೆಗೆಂದು ಮೊಗ್ಗು ಇಟ್ಟು ಹೋಗುತ್ತಾರೆ. ಸಂಜೆಗೆ ಬಾಡುತ್ತದೆ. ಎತ್ತಿ ಹಾಕುತ್ತೇನೆ."

ಗುರುಗಳು ಒಂದು ಕತೆ ಹೇಳಿದರು.

ಫ್ರಾನ್ಸ್ ದೇಶದಲ್ಲಿ ಫೂರ್ನಿಯೆ ಎಂಬ ಅಡ್ಡಹೆಸರಿದೆ. ಭಟ್ಟಿಯವನು ಎಂದು ಅರ್ಥ. ಹಿಂದೆ ಅಲ್ಲಿ ಊರಿಗೊಂದು ರೊಟ್ಟಿ ಭಟ್ಟಿ ಇರುತ್ತಿತ್ತು. ಕಲ್ಲಿನದು, ದೊಡ್ಡದು. ಹಿಟ್ಟು ಅವರವರ ಮನೆಯಲ್ಲಿ ನಾದಬೇಕು. ಸುಡುವುದು ಮಾತ್ರ ಅಲ್ಲಿ. ಅದನ್ನು ನೋಡಿಕೊಳ್ಳುವವನೇ ಭಟ್ಟಿಯವನು. ಭಟ್ಟಿ ಒಮ್ಮೆ ತಣ್ಣಗಾದರೆ ಕಲ್ಲು ಮತ್ತೆ ಕಾಯಲು ಒಂದು ಗಾಡಿ ಕಟ್ಟಿಗೆ ಬೇಕು. ಅದಕ್ಕೇ ಆರಲು ಬಿಡುತ್ತಿರಲಿಲ್ಲ.

ಒಂದು ಊರಿನಲ್ಲಿ ಝಾನ್ ಎಂಬ ಭಟ್ಟಿಯವನಿದ್ದ. ಬೆಂಕಿ ಅವನದು, ಹದ ಅವನ ಹೆಂಡತಿಯದು. ಕಲ್ಲು ಕಾದ ಮೇಲೆ ಅವನು ಕೆಂಡ ಹೊರಗೆ ಎಳೆಯುತ್ತಿದ್ದ. ಅವಳು ಒಂದು ಚಿಟಿಕೆ ಒಣಹಿಟ್ಟು ಒಳಗೆ ಎರಚುತ್ತಿದ್ದಳು. ಹಿಟ್ಟು ಬೆಳ್ಳಗೇ ಉಳಿದರೆ ಕಾವು ಸಾಲದು. ಕೂಡಲೇ ಕಪ್ಪಾದರೆ ಕಾವು ಹೆಚ್ಚು. ನಿಧಾನವಾಗಿ ಕೆಂಪಾದರೆ "ಹಾಕಿ" ಎನ್ನುತ್ತಿದ್ದಳು. ಅವನು ಪಕ್ಕದಲ್ಲಿ ನಿಂತಿರುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ.

ಹೆಂಡತಿ ಸತ್ತಳು. ಆಮೇಲಿನ ಮೊದಲ ಸರದಿಗೆ ಅವನು ಹಿಟ್ಟು ಎರಚಲೇ ಇಲ್ಲ. ಅದು ಅವಳ ಕೆಲಸ ಎಂದು ಬಿಟ್ಟ. ಅಂದಾಜಿನ ಮೇಲೆ ರೊಟ್ಟಿ ಹಾಕಿದ. ಇಡೀ ಊರಿನ ರೊಟ್ಟಿ ಕರಕಾಯಿತು. "ನನ್ನಿಂದಾಗದು" ಎಂದು ಮನೆ ಸೇರಿ ಬಾಗಿಲು ಹಾಕಿಕೊಂಡ. ಊರು ಗಂಜಿ ಕುಡಿಯಿತು.

ಆಗ ಹೆಸರು ಬರೆಯುವ ಗುಮಾಸ್ತ ಬಂದ. ಅಲ್ಲಿಯವರೆಗೆ ಜನಕ್ಕೆ ಒಂದೊಂದೇ ಹೆಸರು. ಆ ಊರಿನಲ್ಲಿ ನಾಲ್ಕು ಜನ ಝಾನ್ ಇದ್ದರು. ಅದಕ್ಕೆ ಕಸುಬು ಕೇಳಿ ಹೆಸರಿನ ಜೊತೆಗೆ ಬರೆಯುತ್ತಿದ್ದ. ಝಾನ್ ಕಸುಬು ಬರೆಸದಿದ್ದರೆ ಭಟ್ಟಿ ಬೇರೆಯವರ ಪಾಲು. ಭಟ್ಟಿಗೆ ಸೇರಿದ ಮನೆಯೂ ಅವರದೇ. ಅವನ ಹೆಂಡತಿ ಬದುಕಿದ್ದು ಆ ಮನೆಯಲ್ಲಿ.

"ಕಸುಬು?" ಎಂದ ಗುಮಾಸ್ತ.

"ಇಲ್ಲ" ಎಂದ ಝಾನ್. "ಭಟ್ಟಿ ಆರಿ ಒಂಬತ್ತು ದಿನವಾಯಿತು."

ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಬೈದಳು. "ಲೋ, ಆರಿದೆ ಅಂತ ನಿನಗೆ ಯಾರು ಹೇಳಿದ್ದು? ಹೋಗಿ ನೋಡಿದೆಯಾ? ನಿನ್ನ ಕರಕು ರೊಟ್ಟಿ ಕಚ್ಚಿ ನನಗಿದ್ದ ಎರಡು ಹಲ್ಲಿನಲ್ಲಿ ಒಂದು ಹೋಯಿತು. ಆದರೂ ಕಟ್ಟಿಗೆ ಹೊರುತ್ತಿದ್ದೇನೆ. ನಡಿ ಮುಂದೆ."

ಎಲ್ಲರೂ ಭಟ್ಟಿಯ ಹತ್ತಿರ ಹೋದರು. ಝಾನ್ ಕಲ್ಲಿನ ಮೇಲೆ ಕೈ ಇಟ್ಟ. ಬಿಸಿ ಇತ್ತು. ಒಂಬತ್ತು ದಿನವೂ ಜನ ಮನೆಗೊಂದು ಹೊರೆಯಂತೆ ಕಟ್ಟಿಗೆ ಹಾಕಿ ಬೆಂಕಿ ಉಳಿಸಿದ್ದರು. ರೊಟ್ಟಿ ಹಾಕಲು ಮಾತ್ರ ಯಾರೂ ಮುಂದಾಗಿರಲಿಲ್ಲ.

"ಹದ ನೋಡಲು ಅವನಿಗೆ ಬರುವುದಿಲ್ಲವಂತಲ್ಲ" ಎಂದ ಗುಮಾಸ್ತ.

"ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದನೇನು?" ಎಂದಳು ಮುದುಕಿ.

ಹೆಂಗಸರು ನಾದಿದ ಹಿಟ್ಟು ತಂದಿಟ್ಟರು. ಝಾನ್ ಕೆಂಡ ಎಳೆದ. ಒಂದು ಚಿಟಿಕೆ ಹಿಟ್ಟು ಎರಚಿದ. ಅಭ್ಯಾಸದಂತೆ ಪಕ್ಕದ ಮಾತಿಗೆ ಕಾದ. ಮಾತು ಬರಲಿಲ್ಲ. ತಾನೇ ಬಗ್ಗಿ ನೋಡಿದ. ಹಿಟ್ಟು ಕಪ್ಪಾಗಿತ್ತು. ಸ್ವಲ್ಪ ತಾಳಿ ಮತ್ತೆ ಎರಚಿದ. ಮತ್ತೆ ಕಪ್ಪು. ಮೂರನೆಯ ಸಲ ನಿಧಾನವಾಗಿ ಕೆಂಪಾಯಿತು. ಆ ಕೆಂಪು ಅವನಿಗೆ ಗೊತ್ತಿತ್ತು.

"ಹಾಕಿ" ಎಂದ. ಅವಳು ಹೇಳುತ್ತಿದ್ದ ಹಾಗೆಯೇ ಬಂತು ಆ ಮಾತು.

ರೊಟ್ಟಿ ಚೆನ್ನಾಗಿ ಬೆಂದಿತು. ಮುದುಕಿ ಉಳಿದ ಒಂದು ಹಲ್ಲಿನಿಂದ ಕಚ್ಚಿ ನೋಡಿ ತಲೆಯಾಡಿಸಿದಳು. ಗುಮಾಸ್ತ ಝಾನ್ ಫೂರ್ನಿಯೆ ಎಂದು ಬರೆದುಕೊಂಡ. ಝಾನ್ ಮೆಟ್ಟಿಲ ಮೇಲೆ ಕೂತ. ಅತ್ತ. ಆಮೇಲೆ ಒಂದು ರೊಟ್ಟಿ ಮುರಿದು ತಿಂದ. ಬಹಳ ದಿನದ ಮೇಲೆ ಅವನಿಗೆ ಹಸಿವಾಗಿತ್ತು.

ಗುರುಗಳು ಕತೆ ನಿಲ್ಲಿಸಿ ಹೊರಗಿನ ಬಿಸಿಲು ನೋಡಿದರು. ಶಿಷ್ಯ ಇನ್ನೇನೋ ಕೇಳಲು ಬಾಯಿ ತೆರೆದ.

"ಇವತ್ತಿನ ಮೊಗ್ಗು ಇನ್ನೂ ಬಾಡಿರಲಾರದು" ಎಂದರು ಗುರುಗಳು.

ಶಿಷ್ಯ ಎದ್ದು ಬಾಳೆನಾರು ಹುಡುಕಲು ಹೊರಟ.