ಕೋಣ ಹೊರಗೆ ಕೂತಾಗ

ಕಾಡಿನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ, ಚೆಂಡು ಹಿಡಿದು ಓಡುವವರಿಗೆ ದಾರಿಯಾಗುವಂತೆ ಎದುರಾಳಿಗಳನ್ನು ಗುದ್ದಿ ತಡೆದು ನಿಲ್ಲಿಸುವುದು ಕೋಣನ ಕೆಲಸ. ಹೊರಗೆ ಕೂತವರು ಮತ್ತೆ ಒಳಗೆ ಹೋಗಬಹುದೆಂಬ ನಿಯಮವಿದ್ದರೂ, ಒಮ್ಮೆ ಕೂತರೆ ತನ್ನ ಜಾಗ ಬದಲಿ ಆಟಗಾರ ಟಗರಿನ ಪಾಲಾಗುತ್ತದೆಂದು ಕೋಣನಿಗೆ ಭಯ.

ಫೈನಲ್ ಪಂದ್ಯದಲ್ಲಿ ಕೋಣ ದಣಿದು ನಿಧಾನವಾಗುತ್ತಿರುವುದನ್ನು ಕೋಚ್ ಆಮೆ ಕಂಡಿತು.

"ಕೋಣಣ್ಣ, ಹೊರಗೆ ಬಾ. ಟಗರು ಹೋಗಲಿ."

"ನನ್ನಿಂದೇನು ತಪ್ಪಾಯಿತು?"

"ತಪ್ಪಾಗುವ ಮೊದಲೇ ಕರೆದಿದ್ದೇನೆ."

ಕೋಣ ಮುಖ ಊದಿಸಿಕೊಂಡು ಬಂದು ಅಂಚಿನ ಕೆಸರಿನಲ್ಲಿ ಕೂತಿತು. ಅಲ್ಲಿಂದ ಎದುರು ತಂಡದ ಕಾಡುಹಂದಿ ಕಣ್ಣಿಗೆ ಬಿತ್ತು. ಶುರುವಿನಿಂದ ಯಾರೂ ಬದಲಿಸದ ಆ ಹಂದಿ ನಾಲಗೆ ಚಾಚಿಕೊಂಡು, ಚೆಂಡಿಗೇ ಬೆನ್ನು ಹಾಕಿ ನಿಂತಿತ್ತು.

"ನಾನೂ ಹೀಗೇ ಕಾಣುತ್ತಿದ್ದೆನಾ?"

"ಇದಕ್ಕಿಂತ ಸ್ವಲ್ಪ ವಾಸಿ," ಎಂದಿತು ಆಮೆ.

ಅಷ್ಟರಲ್ಲಿ ಟಗರು ಏದುಸಿರು ಬಿಡುತ್ತಾ ಓಡಿಬಂತು. "ಅಣ್ಣ, ದಣಿವಾರಿತಾ? ನಿನ್ನ ಜಾಗ ನನಗೆ ಬಲು ಭಾರ, ಬೇಗ ಬಾ!"

ಕೋಣನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಒಳಗೆ ನುಗ್ಗಿ ಒಂದೇ ಗುದ್ದಿಗೆ ಹಂದಿಯನ್ನು ಸರಿಸಿತು. ಆ ಸಂದಿಯಲ್ಲೇ ತಂಡದ ಜಿಂಕೆ ಚೆಂಡಿನೊಂದಿಗೆ ಗೆರೆ ದಾಟಿ ಅಂಕ ಗಳಿಸಿತು. ಕೋಣ ತಾನಾಗಿಯೇ ಹೊರಗೋಡಿ ಬಂತು. "ಟಗರಣ್ಣ, ಇನ್ನು ನಿನ್ನ ಸರದಿ!"

ಈಗ ಅದಕ್ಕಿದ್ದ ಭಯ ಒಂದೇ: ಆ ಕೆಸರಿನ ಜಾಗ ಬೇರೆಯವರ ಪಾಲಾದೀತೆಂದು.