ಬಂಡೆಯ ಅಂಚಿನ ಹಸಿರು

"ಗುರುಗಳೇ, ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದೂ ಪಾಪವೇ?"

ಕೇಳಿದವನು ಮಠದ ಶಿಷ್ಯ ಗುರುಪಾದ. ಹಿಂದಿನ ದಿನ ಗಂಡನ ಏಟು ತಾಳಲಾರದೆ ಓಡಿಬಂದ ಹೆಂಗಸೊಬ್ಬಳು ಮಠದ ಕಣಜದ ಹಿಂದೆ ಅಡಗಿದ್ದಳು. ಗಂಡ ಬಂದು, ಎಲ್ಲಿ ಅವಳು ಎಂದು ಕೇಳಿದ. ಗುರುಪಾದ ಕಣಜದ ಕಡೆ ಬೆರಳು ತೋರಿಸಿದ. ಅವಳ ಕೂಗು ಊರಬಾಗಿಲು ದಾಟುವವರೆಗೂ ಕೇಳಿಸುತ್ತಲೇ ಇತ್ತು.

"ನನ್ನ ಬಾಯಿಂದ ಈವರೆಗೆ ಒಂದು ಸುಳ್ಳೂ ಹೊರಟಿಲ್ಲ," ಎಂದ ಗುರುಪಾದ.

"ಭಲೇ!" ಎಂದರು ಗುರುಗಳು. "ಕೂತುಕೋ. ನಿನ್ನಂಥವನೇ ಇನ್ನೊಬ್ಬನಿದ್ದ. ಅವನ ಕತೆ ಕೇಳು."

ಒಬ್ಬ ಚಿತ್ರಗಾರ. ಅರಸನೊಬ್ಬ ಪಕ್ಕದ ಸೀಮೆಯ ಕೋಟೆಗೆ ದಂಡು ಕಳುಹಿಸಿದಾಗ ಇವನನ್ನೂ ಜೊತೆಗೆ ಕಳುಹಿಸಿದ. ಗೆದ್ದ ಮೇಲೆ ಅರಮನೆಯ ಗೋಡೆಗೆ ಚಿತ್ರ ಬೇಕಲ್ಲ! ಯುದ್ಧಕ್ಕೆ ಮೊದಲೇ ಗೋಡೆಗೆ ಸುಣ್ಣ ಹೊಡೆಸಿಟ್ಟಿದ್ದ ಮಹಾರಾಯ.

ಚಿತ್ರಗಾರನ ಕೆಲಸ ಇಷ್ಟೇ. ದಂಡು ನಿಂತಲ್ಲಿ ಕೂರಬೇಕು, ಕಂಡದ್ದನ್ನು ಕಾಗದದ ಮೇಲೆ ಗೀಚಬೇಕು. ಸತ್ತವರನ್ನು ಬರೆದ. ಸಾಯುತ್ತಿದ್ದವರನ್ನು ಬರೆದ. ಕಾಲು ಮುರಿದುಕೊಂಡು ಒದ್ದಾಡುವ ಕುದುರೆಯನ್ನು ಬರೆದ. ಅವನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಹೆಮ್ಮೆ: ಇದ್ದದ್ದನ್ನು ಬಿಡುವವನಲ್ಲ, ಇಲ್ಲದ್ದನ್ನು ಸೇರಿಸುವವನಲ್ಲ. ಕೈ ಕಳೆದುಕೊಂಡ ಸೈನಿಕನೊಬ್ಬ, "ಅಣ್ಣಾ, ನನ್ನ ಎರಡು ಕೈಯನ್ನೂ ಬರೆಯೋ, ನಮ್ಮವ್ವ ಎಂದಾದರೂ ನೋಡಿಯಾಳು," ಎಂದು ಅಂಗಲಾಚಿದ. ಇವನು ಬರೆದದ್ದು ಒಂದೇ ಕೈ. ಅವನ ಕುಂಚ ಸುಳ್ಳಾಡುವುದಿಲ್ಲ ಎಂದು ಜನ ಹೇಳಿಬಿಟ್ಟಿದ್ದರು. ಪಾಪ, ಅವನೂ ನಂಬಿಬಿಟ್ಟಿದ್ದ.

ಕೋಟೆ ಬೋಳು ಬೆಟ್ಟದ ಮೇಲಿತ್ತು. ಕಡುಬೇಸಿಗೆ. ಒಳಗಿನ ಕೆರೆ ಒಣಗಿದೆ ಎಂದು ಬೇಹಿನವರು ಹೇಳಿದ್ದರು. ಆದರೂ ಬಾಗಿಲು ತೆರೆಯಲೊಲ್ಲದು. ಇವರೆಲ್ಲ ಏನು ಗಾಳಿ ಕುಡಿದು ಬದುಕಿದ್ದಾರೆಯೇ ಎಂದು ದಳವಾಯಿಗೆ ತಲೆ ಕೆಟ್ಟುಹೋಯಿತು.

ಚಿತ್ರಗಾರನಿಗೆ ಮಾತ್ರ ಗೊತ್ತಿತ್ತು. ಬೆಳಕು ಚೆನ್ನಾಗಿ ಬೀಳುತ್ತದೆಂದು ಅವನು ಬೆಟ್ಟದ ಹಿಂಬದಿಗೆ ಹೋಗಿ ಕೂರುತ್ತಿದ್ದ. ಅಲ್ಲಿ ಕೋಟೆಗೋಡೆಯ ಬುಡದಲ್ಲಿ, ಬಂಡೆಯೊಂದರ ಮರೆಯಲ್ಲಿ ಸಣ್ಣ ಒರತೆಯಿತ್ತು. ಮುಂಜಾನೆ ಒಬ್ಬ ಮುದುಕಿ ಗೋಡೆಯ ಮೇಲಿನಿಂದ ಹಗ್ಗ ಕಟ್ಟಿದ ಕೊಡವನ್ನು ಅಲ್ಲಿಗೆ ಇಳಿಬಿಡುತ್ತಿದ್ದಳು. ಇಳಿಯುವಾಗ ಕೊಡ ಸರಸರನೆ ಇಳಿಯುತ್ತಿತ್ತು, ಏರುವಾಗ ನಿಧಾನ. ಅವಳ ಬೆನ್ನಿಗೊಂದು ಕೂಸು ಕಟ್ಟಿರುತ್ತಿತ್ತು. ಆ ದಂಡಿನಲ್ಲಿ ಅವನು ನೋಡಿ ಸಂತೋಷಪಟ್ಟ ನೋಟ ಅದೊಂದೇ. ಸೇದು ತಾಯಿ, ಸೇದು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಕೋಟೆಯ ಆ ಹಿಂಬದಿಯನ್ನೂ ಬರೆದ. ಚಿತ್ರಕ್ಕೆ ಬಣ್ಣ ತುಂಬಿದ್ದು ನಡುಹಗಲಿನಲ್ಲಿ. ಆಗ ಮುದುಕಿ ಇರುತ್ತಿರಲಿಲ್ಲ. ಬಂಡೆಯ ಅಂಚಿಗೆ ಕಟ್ಟಿದ್ದ ಪಾಚಿ ಇತ್ತು. ಇದ್ದದ್ದಕ್ಕೆ ಒಂದು ಗೆರೆ ಹಸಿರು ತಾಗಿಸಿದ.

ಮಳೆಗಾಲ ಹತ್ತಿರ ಬಂತು. ದಂಡಿನಲ್ಲಿ ವಾಂತಿಭೇದಿ ಹಬ್ಬಿತು. ದಳವಾಯಿ ಕೈಚೆಲ್ಲಿದ, ಗುಡಾರ ಕೀಳಿರಿ ಎಂದುಬಿಟ್ಟ. ಹೊರಡುವ ಮುಂಚೆ ಚಿತ್ರ ತರಿಸಿ ನೋಡಿದ.

"ಎಲ್ಲ ಸುಟ್ಟ ಹಂಚಿನ ಹಾಗಿದೆ. ಇಲ್ಲೇನಯ್ಯ ಇದು ಹಸಿರು? ಚೆಂದಕ್ಕೆ ಬಳಿದೆಯಾ?"

ಸುತ್ತ ನಿಂತವರು ನಕ್ಕರು. "ಒಂದು ಗಿಳಿಯನ್ನೂ ಕೂರಿಸಬೇಕಿತ್ತು," ಎಂದನೊಬ್ಬ.

ಹೌದು, ಚೆಂದಕ್ಕೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ದಂಡು ಅದರ ಪಾಡಿಗೆ ಅದು ಹೊರಟುಬಿಡುತ್ತಿತ್ತು. ಅವನಿಗೆ ತಿಳಿಯದ್ದೇನಲ್ಲ. ಮುದುಕಿ ಕಣ್ಣ ಮುಂದೆ ಬಂದಳು, ಕೂಸೂ ಬಂತು. ಆದರೆ ಆ ನಗು ಇತ್ತಲ್ಲ, ಅದಕ್ಕೆ ಅವನ ಮೈಯೆಲ್ಲ ಉರಿದುಹೋಯಿತು.

"ನನ್ನ ಕುಂಚ ಇಲ್ಲದ್ದನ್ನು ಬಳಿಯುವುದಿಲ್ಲ, ಒಡೆಯಾ," ಎಂದ.

ದಳವಾಯಿ ನಗಲಿಲ್ಲ. ಗುಡಾರ ಕೀಳುವವರನ್ನು ಕೂಗಿ ನಿಲ್ಲಿಸಿದ.

ದಂಡಿನವರು ಹಸಿರಿನ ಗುರುತು ಹಿಡಿದು ಹೋಗಿ ಒರತೆಗೆ ಕಲ್ಲು ತುಂಬಿದರು, ಮೇಲೆ ಸುಣ್ಣ ಸುರಿದರು. ಮರುದಿನ ಮುಂಜಾನೆ ಕೊಡ ಇಳಿಯಿತು. ಇಳಿದಷ್ಟೇ ಬೇಗ ಸರಸರನೆ ಏರಿತು. ಚಿತ್ರಗಾರ ಎದ್ದು ಹೋದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಬಾಗಿಲನ್ನು ಒಳಗಿನವರೇ ತೆರೆದರು. ಹೊರಬಂದವರು ಕೈ ಮುಗಿಯಲಿಲ್ಲ, ಜೀವ ಉಳಿಸಿ ಎಂದು ಬೇಡಲೂ ಇಲ್ಲ. ಕುದುರೆಗಳ ನೀರಿನ ತೊಟ್ಟಿಯ ಮೇಲೆ ಹೋಗಿ ಬಿದ್ದರು. "ಇದನ್ನು ಬರೆ," ಎಂದ ದಳವಾಯಿ. ಚಿತ್ರಗಾರ ಬರೆಯಲು ಕೂತ.

ತೊಟ್ಟಿಯವರೆಗೆ ನಡೆಯಲಾರದೆ ಮುದುಕಿ ಅವನ ಪಕ್ಕದಲ್ಲೇ ಕುಸಿದು ಕೂತಳು. ಅವನಾರೆಂದು ಅವಳಿಗೇನು ಗೊತ್ತು! ಕೂಸನ್ನು ಬೆನ್ನಿನಿಂದ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಅವನು ತಾನು ಕುಡಿಯುವ ನೀರಿನ ಚೊಂಬನ್ನು ಕೊಟ್ಟ. ಅವಳು ಕೂಸಿನ ಬಾಯಿಗೆ ನೀರು ಬಿಟ್ಟಳು. ನೀರು ಕಟಬಾಯಿಯಿಂದ ಹೊರಗೆ ಹರಿಯಿತು. ಮತ್ತೆ ಬಿಟ್ಟಳು, ಮತ್ತೆ ಹರಿಯಿತು. ಚೊಂಬನ್ನು ಕೆಳಗಿಟ್ಟಳು. ತಾನೂ ಕುಡಿಯಲಿಲ್ಲ.

"ಆ ಗೋಡೆ ಬುಡದ ಒರತೆ, ನಮ್ಮತ್ತೆ ಸೇದಿದ ನೀರು ಅದು," ಎಂದಳು. "ಎಷ್ಟು ದಂಡು ಬಂದವು, ಎಷ್ಟು ಹೋದವು, ಒಬ್ಬನ ಕಣ್ಣಿಗೂ ಬಿದ್ದಿರಲಿಲ್ಲ. ಈ ಸಲ ತೋರಿಸಿಕೊಟ್ಟವರು ಯಾರು ಮಗಾ? ನಿನಗೇನಾದರೂ ಗೊತ್ತೇನಪ್ಪಾ?"

"ಗೊತ್ತಿಲ್ಲ ಅವ್ವಾ," ಎಂದ ಚಿತ್ರಗಾರ. ನಾಲಿಗೆ ತಡವರಿಸಲೂ ಇಲ್ಲ.

"ಹೋಗಲಿ ಬಿಡು," ಎಂದಳು ಮುದುಕಿ. "ಕೇಳದೆ ನೀರು ಕೊಟ್ಟೆ. ನಿನ್ನ ಹೊಟ್ಟೆ ತಣ್ಣಗಿರಲಿ."

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಗುರುಪಾದ ತಲೆ ತಗ್ಗಿಸಿಯೇ ಮೆಲ್ಲಗೆ ಕೇಳಿದ:

"ಅಂಥ ಮನುಷ್ಯನಿಗೆ ಆ ಗಳಿಗೆಯಲ್ಲಿ ಸುಳ್ಳು ಎಲ್ಲಿಂದ ಬಂತು, ಗುರುಗಳೇ?"

"ಮೊದಲಿನಿಂದಲೂ ಅವನ ಹತ್ತಿರವೇ ಇತ್ತಪ್ಪಾ, ತನಗೆ ಬೇಕಾದೀತೆಂದು ಎತ್ತಿಟ್ಟುಕೊಂಡಿದ್ದ."